ಇಪ್ಪತ್ತೇಳು ಸಲ ಒತ್ತಿದ ಗುಂಡಿ

೩ ನವೆಂಬರ್ ೨೦೨೫, ಸೋಮವಾರ

ಬರೆಯಬೇಕಂತೆ! ಆರನೇ ಇಯತ್ತೆಗೆ ಶಾಲೆ ಬಿಟ್ಟ ಎಪ್ಪತ್ತೊಂದರ ಮುದುಕ ನೋಟ್‌ಬುಕ್ ಬಿಚ್ಚಿಕೊಂಡು ಬರೆಯಬೇಕಂತೆ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ, ಅದು ಮುಚ್ಚಿದ ಮೇಲೆ ಹರಿಹರದ ಕಾರ್ಖಾನೆಯಲ್ಲಿ, ಒಟ್ಟು ಮೂವತ್ತೆಂಟು ವರ್ಷ ಬಾಯ್ಲರ್ ಮುಂದೆ ನಿಂತು ಗಂಟೆಗೊಮ್ಮೆ ಲಾಗ್ ಬುಕ್ ಬರೆದಿದ್ದೇನೆ. ನೀರು ಎಷ್ಟು, ಹಬೆಯ ಒತ್ತಡ ಎಷ್ಟು, ಕೆಳಗೆ ಸಹಿ. ನಿವೃತ್ತಿಯ ದಿನ ಪೆನ್ನನ್ನು ಬಾಯ್ಲರ್ ಒಲೆಗೆ ಒಗೆದು ಬಂದೆ. ಈಗ ಮಂಡಿಪೇಟೆಯ ಕಂಪ್ಯೂಟರ್ ಅಂಗಡಿಯ ತಸ್ಲೀಮ್ ಎಂಬ ಹೆಣ್ಣುಮಗಳು ಫೋನಿನಲ್ಲಿ ಅಪ್ಪಣೆ ಕೊಡಿಸುತ್ತಾಳೆ.

"ಅಜ್ಜಾರ, ಲ್ಯಾಪ್‌ಟಾಪ್ ಒಳಗೇ ರಿಕವರಿ ಅಂತ ಐತ್ರಿ. ಚಾಲೂ ಮಾಡೋವಾಗ ಎಫ್ ಹನ್ನೊಂದು ಒತ್ರಿ. ಮೊದ್ಲು ನಿಮ್ಮ ಫೈಲ್ ಎಲ್ಲಾ ತೆಗ್ದು ಜೋಪಾನ ಇಡ್ತೈತೆ, ಆಮ್ಯಾಲೆ ಹೊಸದ್ರಾಗ ಹೆಂಗಿತ್ತೋ ಹಂಗ ಆಗ್ತೈತೆ. ಆಗ್ಲಿಲ್ಲ ಅಂದ್ರೆ ಪರದೆ ಮ್ಯಾಲೆ ಏನ್ ಬರ್ತೈತೋ ತಾರೀಖು ಹಾಕಿ ಬರ್ಕೊಳ್ರಿ. ಬಾಯಾಗ ಹೇಳಬ್ಯಾಡ್ರಿ, ಎಲ್ಲಾರೂ ತಪ್ಪು ಹೇಳ್ತಾರೆ."

ಲ್ಯಾಪ್‌ಟಾಪ್ ನನ್ನದಲ್ಲ, ವೀರೇಶನ ಹೆಂಡತಿಯದು. ವೀರೇಶ ನನ್ನ ಮಗ. ಪಂಪ್‌ಸೆಟ್ ಮಾರುವ ಕೆಲಸ, ವಾರದಲ್ಲಿ ನಾಲ್ಕು ದಿನ ಊರೂರು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವನ ಹೆಂಡತಿ ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ಇಟ್ಟುಕೊಂಡಿದ್ದಾಳೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುತ್ತಾಳೆ, ಮಿಷನ್ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಐದು ವರ್ಷದಿಂದ ಬಿಡಿಸಿದ ಇನ್ನೂರ ಹದಿನಾಲ್ಕು ಡಿಸೈನು ಅದರೊಳಗೇ ಇವೆಯಂತೆ. ಶನಿವಾರದಿಂದ ಲ್ಯಾಪ್‌ಟಾಪ್ ಏಳುತ್ತಿಲ್ಲ. ಅವಳಿಗೆ ಕೈಯಲ್ಲಿ ಮುಗಿಸುವ ಕೆಲಸ ರಾಶಿ ಬಿದ್ದಿದೆ. "ಯಂತ್ರದ ವಿಷಯ ನನಗೆ ಬಿಡು" ಎಂದೆ.

ಎರಡು ಸಲ ಒತ್ತಿದೆ. ಎರಡೂ ಸಲ ಮೊದಲು "ಜಸ್ಟ್ ಎ ಮೊಮೆಂಟ್" ಎಂದಿತು. ಚುಕ್ಕಿಗಳು ಗಾಣದ ಎತ್ತಿನ ಹಾಗೆ ಸುತ್ತಿದವು. ಮುಕ್ಕಾಲು ಗಂಟೆ ಸುತ್ತಿ ಬಂದ ಮಾತು: "ದೇರ್ ವಾಸ್ ಎ ಪ್ರಾಬ್ಲಮ್. ನೋ ಚೇಂಜಸ್ ವರ್ ಮೇಡ್."

ಏನೂ ಬದಲಾಗಿಲ್ಲವಂತೆ. ಬದಲಾಗಲಿ ಅಂತಲೇ ಅಲ್ಲವೇನೋ ನಿನ್ನ ಗುಂಡಿ ಒತ್ತಿದ್ದು, ಮುಠ್ಠಾಳ?

ತಸ್ಲೀಮಳಿಗೆ ತೋರಿಸುವುದಕ್ಕೆ ಬೇರೆ ಹಾಳೆ ಮಾಡಿದ್ದೇನೆ. ಈ ಪುಸ್ತಕ ನನ್ನ ಹೊಟ್ಟೆಯುರಿಗೆ. ಇದನ್ನು ಓದುವ ಅಧಿಕಾರ ಯಾರಿಗೂ ಇಲ್ಲ.

೪ ನವೆಂಬರ್, ಮಂಗಳವಾರ

ಐದು ಸಲ. ಒಟ್ಟು ಏಳು. ಅದೇ ಚುಕ್ಕಿ, ಅದೇ ಮಾತು.

ಯಾವ ಯಂತ್ರವೇ ಆಗಲಿ, ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ತೋರಿಸುವ ಮರ್ಯಾದೆ ಇಟ್ಟುಕೊಂಡಿರಬೇಕು. ಬಾಯ್ಲರಿನಲ್ಲಿ ನೀರು ಇಳಿದರೆ ಗಾಜಿನ ನಳಿಗೆಯಲ್ಲಿ ಕಾಣುತ್ತದೆ, ಹಬೆ ಸೋರಿದರೆ ಸೀಟಿ ಹೊಡೆಯುತ್ತದೆ. ಇದು "ಏನೋ ಒಂದು ತೊಂದರೆ" ಎನ್ನುತ್ತದೆ. ಏನೋ ಒಂದು! ಹೀಗೆ ಹೇಳುವ ಕೆಲಸದವನನ್ನು ನಾನು ಗಿರಣಿಯ ಗೇಟಿನಿಂದಲೇ ಓಡಿಸುತ್ತಿದ್ದೆ.

ಒಂದು ಲಾಭ. ಲ್ಯಾಪ್‌ಟಾಪ್ ಸತ್ತದ್ದರಿಂದ ಎಂಬ್ರಾಯ್ಡರಿ ಮಿಷನ್ನೂ ಬಾಯಿ ಮುಚ್ಚಿದೆ. ದಿನವಿಡೀ ಟಕಟಕಟಕ ಎಂದು ತಲೆಯ ಮೇಲೆ ಮೊಳೆ ಹೊಡೆಯುತ್ತಿತ್ತು. ಇವತ್ತು ಮಧ್ಯಾಹ್ನ ಎರಡು ತಾಸು ನಿದ್ದೆ ಮಾಡಿದೆ.

ನನ್ನ ಹೆಂಡತಿ ಅನ್ನಪೂರ್ಣಮ್ಮ ಕೇಳಿದಳು: "ನೀವು ಅದ್ರಾಗ ಕುಸ್ತಿ ನೋಡ್ತಿದ್ರಲ್ಲ, ಏನಾರ ಒತ್ತಿದ್ರೇನು?"

ಬೈದು ಕಳಿಸಿದೆ. ಹೌದು, ಮಿಷನ್ ನಿಂತ ಹೊತ್ತಿನಲ್ಲಿ ಪೆನ್‌ಡ್ರೈವ್ ಹಾಕಿ ಹಳೆಯ ಕುಸ್ತಿ ನೋಡುತ್ತಿದ್ದೆ. ಆದರೆ ಯಂತ್ರ ಕೆಡಿಸುವ ಕೈ ಅಲ್ಲ ನನ್ನದು. ದೀಪಾವಳಿಯ ಮುಂದೆ ನೋಡಿದೆ, ಒಳಗೆ 'ಡಿ' ಎಂಬ ಖಾನೆಯ ಗೆರೆ ಕೆಂಪಗೆ ಉಬ್ಬಿ ತುಂಬಿ ಕೂತಿತ್ತು. ಮನೆಯಲ್ಲಿ ಒಬ್ಬರಿಗೂ ಅದರ ಮೇಲೆ ಕಣ್ಣಿಲ್ಲ. ಕೆಂಪು ಬಂದರೆ ಮೊದಲು ಒತ್ತಡ ಇಳಿಸು, ಆಮೇಲೆ ಮಾತಾಡು, ಇದು ಬಾಯ್ಲರ್ ಮನೆಯ ಮೊದಲ ಪಾಠ. ಒಳಗಿದ್ದ ಹೆಸರಿಲ್ಲದ ಹಾಳುಮೂಳು ಎಲ್ಲ ಆರಿಸಿ ಅಳಿಸಿದೆ. ಖಾತ್ರಿಯೇ, ಖಾತ್ರಿಯೇ ಎಂದು ಎರಡು ಸಲ ಕೇಳಿತು. ಹೌದು ಎಂದೆ. ಗೆರೆ ಬೆಳ್ಳಗಾಯಿತು. ಒಳ್ಳೆಯ ಕೆಲಸ ಮಾಡಿ ಡಂಗುರ ಹೊಡೆಯುವ ಚಾಳಿ ನನಗಿಲ್ಲ, ಯಾರಿಗೂ ಹೇಳಲಿಲ್ಲ.

ಅಷ್ಟು ಚೊಕ್ಕ ಮಾಡಿಕೊಟ್ಟರೂ ಹದಿನೈದು ದಿನಕ್ಕೆ ಕೆಟ್ಟಿತಲ್ಲ. ಕಂಪನಿಯವರ ಮಾಲೇ ಅಷ್ಟು.

೬ ನವೆಂಬರ್, ಗುರುವಾರ

ಆರು ಸಲ. ಒಟ್ಟು ಹದಿಮೂರು.

ಶಾಮನೂರಿನಿಂದ ಒಬ್ಬಾಕೆ ಬಂದಿದ್ದಳು. ಮಗಳು ಹಡೆದಿದ್ದಾಳೆ, ತೊಟ್ಟಿಲಿಗೆ ಕುಂಚಿಗೆ ಬೇಕು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಬಟ್ಟೆ ಅದು, ತವರಿನವರು ತರಬೇಕು. ವೀರೇಶನ ಹೆಂಡತಿಯ ಹೆಸರು ನಡೆಯುವುದೇ ಅದರಲ್ಲಿ. ಗಿರಾಕಿಯ ತವರಿನಲ್ಲಿ ಅಜ್ಜಿಯೋ ಮುತ್ತಜ್ಜಿಯೋ ಕೈಯಲ್ಲಿ ಹಾಕಿದ ಹಳೆಯ ಕುಂಚಿಗೆ ಇದ್ದರೆ ತರಿಸಿಕೊಳ್ಳುತ್ತಾಳೆ. ದಾರ ದಾರ ಎಣಿಸಿ ಲ್ಯಾಪ್‌ಟಾಪಿಗೆ ಏರಿಸುತ್ತಾಳೆ. ಹಳೆಯದನ್ನು ಮಡಚಿ ವಾಪಸು ಕೊಡುತ್ತಾಳೆ. ಆ ಮನೆಯ ಹೂ, ಆ ಮನೆಯ ಗಿಣಿ ಆ ಮನೆಯ ಕೂಸಿಗೇ ಹೋಗಬೇಕು. ಬೇರೆಯವರು ಕೇಳಿದರೂ ಹಾಕಿಕೊಡುವುದಿಲ್ಲ. ಇದು ನನಗೆ ಇವತ್ತು ಗೊತ್ತಾಯಿತು. ಐದು ವರ್ಷ ಮಿಷನ್ ಸದ್ದಿಗೆ ಬೈದೆನೇ ಹೊರತು ಏನು ಹೊಲಿಯುತ್ತಾಳೆ ಎಂದು ಕೇಳಿರಲಿಲ್ಲ.

"ನಮ್ಮವ್ವನ ಮನಿ ಡಿಸೈನ್ ಹೋದ್ ವರ್ಷಾನೇ ತಗೊಂಡಿದ್ದೆಲ್ಲವಾ? ಅದನ್ನೇ ಹಾಕು" ಎಂದಳು ಆಕೆ.

"ಲ್ಯಾಪ್‌ಟಾಪ್ ಕೆಟ್ಟೈತ್ರಿ ಅಕ್ಕಾರ. ಹಳೇದನ್ನ ಇನ್ನೊಂದ್ಸಲ ಕೊಡ್ರಿ, ಮತ್ತ ಎಣಿಸ್ತೀನಿ."

"ಅದು ಎಲ್ಲೈತೆ? ಒಗ್ಯಾಕ ಹಾಕಿದ್ವಿ, ಪುಡಿಪುಡಿ ಆಗೋತು. ನಿನ್ ಹತ್ರ ಐತಲ್ಲ ಅಂತ ಧೈರ್ಯ ಇತ್ತು."

ವೀರೇಶನ ಹೆಂಡತಿ ಮುಖ ಸಣ್ಣದು ಮಾಡಿ ಆಕೆಯನ್ನು ಕಳಿಸಿದಳು. ಒಳಗೆ ಬಂದು ನನ್ನನ್ನು ಕೇಳಿದಳು, "ಮಾವಾರ, ಬರ್ತೈತಲ್ರಿ?"

"ಬರದೆ ಎಲ್ಲಿಗೆ ಹೋಗ್ತೈತೆ" ಎಂದೆ.

೮ ನವೆಂಬರ್, ಶನಿವಾರ

ಒಂಬತ್ತು ಸಲ. ಒಟ್ಟು ಇಪ್ಪತ್ತೆರಡು. ಬೆಳಿಗ್ಗೆ ಏಳಕ್ಕೆ ಕೂತವನು ಸಂಜೆಗೆ ಎದ್ದೆ. ಬೆನ್ನು ಹಿಡಿದಿದೆ.

ಮಧ್ಯಾಹ್ನದಿಂದ ಒಳಗೆ ಕರ್ ಕರ್ ಎಂಬ ಸದ್ದು, ಬೇರಿಂಗಿಗೆ ಎಣ್ಣೆ ಇಲ್ಲದ ಹಾಗೆ. ವೀರೇಶನ ಹೆಂಡತಿ ಅಡಿಗೆಮನೆಯಿಂದಲೇ ಕೇಳಿಸಿಕೊಂಡಳು.

"ಸಾಕು ಬಿಡ್ರಿ ಮಾವಾರ. ಅಂಗಡಿಗೆ ಒಯ್ಯಾಣ. ಅದು ಬಾಯ್ಲರ್ ಅಲ್ರಿ, ಬೈದ್ರೆ ಬಿಸಿ ಆಗಲ್ಲ."

"ಬಾಯ್ಲರಿಗೂ ನಾನು ಬೈದೇ ಬಿಸಿ ಮಾಡಿದ್ದು. ನೀ ಹೋಗು."

ಸುಮ್ಮನೆ ಅಂಗಡಿಗೆ ಹೊತ್ತುಕೊಂಡು ಹೋಗಿ, ಆಗಲಿಲ್ಲ ತಾಯಿ ಎಂದು ಮುಂದೆ ಇಡುವುದೇ? ಸಾಧ್ಯವಿಲ್ಲ. ಹಟ ಅದಕ್ಕೆಷ್ಟಿದೆಯೋ ನನಗೂ ಅಷ್ಟೇ ಇದೆ.

೧೧ ನವೆಂಬರ್, ಮಂಗಳವಾರ

ಐದು ಸಲ. ಒಟ್ಟು ಇಪ್ಪತ್ತೇಳು. ಕೊನೆಯ ಸಲ ಚುಕ್ಕಿಯೂ ಬರಲಿಲ್ಲ. ಕಪ್ಪು ಪರದೆ, ಒಂದು ಸಾಲು ಇಂಗ್ಲಿಷು: ಡಿಸ್ಕೇ ಸಿಗುತ್ತಿಲ್ಲವಂತೆ. ಥೂ.

೧೨ ನವೆಂಬರ್, ಬುಧವಾರ

ವೀರೇಶನ ಹೆಂಡತಿಯ ಸ್ಕೂಟಿಯ ಹಿಂದೆ ಕೂತು ಮಂಡಿಪೇಟೆಗೆ ಹೋದೆ. ತಸ್ಲೀಮ್ ಎಂದರೆ ಚಿಕ್ಕ ಹುಡುಗಿ ಅಂದುಕೊಂಡಿದ್ದೆ. ನಲವತ್ತು ದಾಟಿದ ಹೆಂಗಸು, ಕನ್ನಡಕ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾಳೆ. ಡಿಸ್ಕು ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಬಹಳ ಹೊತ್ತಿನ ಮೇಲೆ ಅರೆಬರೆ ತೆರೆಯಿತು.

"ಇದಕ್ಕ ರಿಕವರಿ ಹೆಂಗ್ ಆಗ್ತೈತ್ರಿ? ರಿಕವರಿ ಸಾಮಾನೇ ಇಲ್ಲ ಒಳಗ. ಕಂಪನಿಯವ್ರು 'ಡಿ' ಒಳಗ ಇಟ್ಟಿರ್ತಾರೆ, ಅದನ್ನ ಯಾರೋ ಸಾಫ್ ಮಾಡ್ಯಾರೆ."

"ಅದು ತುಂಬಿ ಕೆಂಪಗೆ ಆಗಿತ್ತಲ್ಲ?" ಎಂದು ನನ್ನ ಬಾಯಿಂದ ಬಂದೇಬಿಡುತ್ತಿತ್ತು. ನುಂಗಿಕೊಂಡೆ.

"ಅದು ಯಾವಾಗ್ಲೂ ತುಂಬೇ ಇರೋದು ಅಜ್ಜಾರ. ಹೊಸದು ತಂದ ದಿನಾನೂ ಕೆಂಪಗೇ ಇರ್ತೈತೆ. ಅದರ ಹೊಟ್ಟಿ ತುಂಬಿದ್ರೇನೇ ಕೆಲಸ" ಎಂದು, ನಾನು ಕೇಳದೆಯೇ ಹೇಳಿದಳು. ಆಮೇಲೆ ಪರದೆ ನೋಡಿ, "ಅಕ್ಟೋಬರ್ ಹತ್ತೊಂಬತ್ತು, ಮಧ್ಯಾಹ್ನ ಮೂರೂ ಹನ್ನೆರಡು. ಯಾರ್ ಕೂತಿದ್ರಿ ಅವತ್ತು?" ಎಂದಳು.

ಸೊಸೆ ರಶ್ಮಿತಾ ಬೆರಳು ಮಡಚಿ ಎಣಿಸಿದಳು. "ಹಬ್ಬದ ಹಿಂದಿನ ದಿನ. ನಾನು ತವರಿಗೆ ಹೋಗಿದ್ದೆ."

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬೈಯಬಹುದಿತ್ತು.

"ವೈರಸ್ ಅಂತ ಇರ್ತಾವಲ್ಲ, ಅದೇ ಇರಬೇಕು" ಎಂದೆ.

"ವೈರಸ್ ಮಧ್ಯಾಹ್ನ ಊಟ ಮಾಡಿ ಬಂದು ಕೂಡಲ್ರಿ" ಎಂದಳು ತಸ್ಲೀಮ್.

ರಶ್ಮಿತಾ, "ನಾನೇ ಏನೋ ಒತ್ತಿ ಹೋಗಿರಬೇಕು ಬಿಡ್ರಿ. ಅವಸರದಾಗಿದ್ದೆ" ಎಂದಳು.

ಅದು ಸಾಲದೆಂಬಂತೆ ತಸ್ಲೀಮ್ ಇನ್ನೊಂದು ಹೇಳಿದಳು. ಡಿಸ್ಕಿಗೆ ಮೊದಲೇ ಜಡ್ಡಿತ್ತು. ಅದಕ್ಕೇ ಲ್ಯಾಪ್‌ಟಾಪ್ ಮಲಗಿದ್ದು. ಅವತ್ತೇ ರಿಕವರಿ ನಡೆದಿದ್ದರೆ ಫೈಲುಗಳನ್ನು ಎತ್ತಿ ಬದಿಗಿಡುತ್ತಿತ್ತು. ನಡೆಯದೆ ಹೋದಾಗ ಮತ್ತೆ ಮತ್ತೆ ಓಡಿಸಿದ್ದರಿಂದ ಹುಣ್ಣು ಕೆರೆದಂತಾಗಿದೆ. ತನ್ನ ಕೈಯಲ್ಲಿ ಆಗುವುದಿಲ್ಲವಂತೆ. ಸತ್ತ ಡಿಸ್ಕಿನಿಂದ ಫೈಲು ತೆಗೆಯುವ ಕರಿಬಸವರಾಜ ಎಂಬಾತ ಹರಿಹರದಲ್ಲಿ ಇದ್ದಾನೆ, ಅವನಲ್ಲಿಗೆ ಹೋಗಬೇಕು.

"ಬರದಿದ್ದ ಹಾಳಿ ಕೊಡ್ರಿ ಅಜ್ಜಾರ" ಎಂದು ಕೈ ಚಾಚಿದಳು.

"ಮನೆಯಲ್ಲಿ ಮರೆತೆ" ಎಂದೆ. ಅಂಗಿಯ ಜೇಬಿನಲ್ಲಿಯೇ ಇತ್ತು.

೧೫ ನವೆಂಬರ್, ಶನಿವಾರ

ವೀರೇಶ ಬಂದ. ಊಟಕ್ಕೆ ಕೂತಲ್ಲೇ ತೀರ್ಮಾನ ಮಾಡಿದ. ಮಿಷನ್ ಮಾರುವುದು. ರಾಣೆಬೆನ್ನೂರಿನವನೊಬ್ಬ ಕೇಳಿದ್ದಾನೆ, ಡಿಸೆಂಬರ್ ಐದಕ್ಕೆ ಗಾಡಿ ತಂದು ಒಯ್ಯುತ್ತಾನೆ.

"ಇನ್ನೂರು ಡಿಸೈನ್ ಮತ್ತ ಮಾಡಾಕ ಇನ್ನೈದು ವರ್ಷ ಬೇಕು ಅಪ್ಪಾಜಿ. ಹಳೇ ಬಟ್ಟೆ ಎಷ್ಟೋ ಈಗ ಇಲ್ಲ. ಗಾರ್ಮೆಂಟ್ಸ್‌ನಾಗ ಲೈನ್ ಸೂಪರ್‌ವೈಸರ್ ಕೆಲಸ ಐತೆ, ಹೋಗ್ತೀನಿ ಅಂದಾಳೆ."

"ಅವಳೇ ಅಂದ್ಲೋ, ನೀನ್ ಅನಿಸಿದ್ಯೋ?"

ರಶ್ಮಿತಾ ರೊಟ್ಟಿ ಹಾಕಲು ಬಂದವಳು "ನಾನೇ ಅಂದೆ ಮಾವಾರ" ಎಂದಳು. "ಮಂದಿ ಮನಿ ನೆನಪು ತಂದು ಕಳದವಳು ಅನಿಸ್ಕೊಂಡು ಇಲ್ಲೇ ಹೆಂಗ್ ಕೂಡ್ಲಿ? ನಿಮಗೂ ಸದ್ದು ತಪ್ತೈತೆ."

ಕೊನೆಯ ಮಾತು ಚುಚ್ಚಲು ಅಂದದ್ದಲ್ಲ. ಅದೇ ಇನ್ನೂ ಅಸಹ್ಯವಾಯಿತು. ಅನ್ನಪೂರ್ಣಮ್ಮ ಕಂಪ್ಯೂಟರ್ ಕಂಪನಿಯವರ ವಂಶವನ್ನೆಲ್ಲ ಶಪಿಸಿದಳು. ನಾನು ಹೂಂ ಎಂದೆ. ಮಜ್ಜಿಗೆ ಹುಳಿ ಬಂದಿತ್ತು, ಎದ್ದೆ.

೧೭ ನವೆಂಬರ್, ಸೋಮವಾರ

ಹರಿಹರಕ್ಕೆ ಒಬ್ಬನೇ ಹೋದೆ. ಕಾರ್ತಿಕ ಸೋಮವಾರ, ಬಸ್ಸಿನ ತುಂಬ ಹರಿಹರೇಶ್ವರನಿಗೆ ಹೊರಟ ಹೆಂಗಸರು, ಎಣ್ಣೆಯ ಸೀಸೆಗಳು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಾಕೆ "ದೇವ್ರೇನ್ರೀ?" ಎಂದು ಕೇಳಿದಳು. "ಹೆಣ" ಎಂದೆ. ಆಚೆ ಸರಿದು ಕೂತಳು.

ಕರಿಬಸವರಾಜ ಸಣಕಲು ಮನುಷ್ಯ, ಮಾತು ಕಡಿಮೆ. ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದ. ಒಳ್ಳೆಯ ಫಿಟ್ಟರ್ ಬೇರಿಂಗು ಕೇಳುವ ಹಾಗೆಯೇ. ಕಸುಬುದಾರ ಅನ್ನಿಸಿತು.

"ಕೆಟ್ ಮ್ಯಾಲೆ ಎಷ್ಟ್ ಸಲ ಓಡ್ಸಿದ್ರಿ ಯಜಮಾನ್ರೇ?"

"ಎರಡು. ಹೆಚ್ಚಂದ್ರೆ ಮೂರು."

"ಖರೇನ?"

"ನನ್ನ ವಯಸ್ಸು ನೋಡಿ ಕೇಳು ಮಾತು" ಎಂದು ಗದರಿದೆ.

ಎರಡು-ಮೂರು ಸಲ ಎಂದರೆ ಇನ್ನೂ ಜೀವ ಇರುತ್ತದೆ ಎಂದು ಸಿಕ್ಕಿಸಿ ಓಡಿಸಿದ. ಹೊರಗೆ ಬೆಂಚಿನ ಮೇಲೆ ಕೂತೆ. ನಾಲ್ಕು ತಾಸಿನ ಮೇಲೆ ಬಂದು ಕೈ ಒರೆಸಿಕೊಂಡ. ಎಂಬತ್ತಮೂರು ಬಂದಿವೆ. ನೂರ ಮೂವತ್ತೊಂದು ಇಲ್ಲ. ಬಿಸಿಯಾಗಿ ನಡುವೆಯೇ ನಿಂತುಹೋಯಿತು, ಇನ್ನು ಏಳುವುದಿಲ್ಲ.

"ಎರಡ್ ಸಲಕ್ಕ ಹಿಂಗ್ ಆಗಲ್ರಿ" ಎಂದ. ಸಿಟ್ಟಿನಿಂದಲ್ಲ.

ಎಂಬತ್ತಮೂರನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ತಂದು ರಶ್ಮಿತಾಳ ಕೈಗೆ ಕೊಟ್ಟೆ. "ಇಷ್ಟಾರ ಬಂದ್ವಲ್ರಿ, ಹೋಗಿ ತಂದ್ರಿ" ಎಂದು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಕಾಲು ಹಿಂದಕ್ಕೆ ಎಳೆದುಕೊಂಡೆ.

೧೮ ನವೆಂಬರ್, ಮಂಗಳವಾರ

ಮಧ್ಯಾಹ್ನ ನಿದ್ದೆ ಬರಲಿಲ್ಲ. ಪಾರಿವಾಳಗಳ ಕಾಟ. ಮೊದಲು ಇಷ್ಟು ಕೇಳಿಸುತ್ತಿರಲಿಲ್ಲ.

೧೯ ನವೆಂಬರ್, ಬುಧವಾರ

ಮತ್ತೆ ಹರಿಹರ. ಕರಿಬಸವರಾಜನ ಮುಂದೆ ಹಾಳೆ ಇಟ್ಟೆ. ದಿನ, ಹೊತ್ತು, ಇಪ್ಪತ್ತೇಳು ಸಾಲು.

ಪೂರ್ತಿ ಓದಿದ. "ಅಕ್ಷರ ಚೊಲೋ ಅದಾವ್ರಿ" ಎಂದ. ಆಮೇಲೆ, "ಸೋಮವಾರ ಇದನ್ನ ಕೊಟ್ಟಿದ್ರೆ ನಾಲ್ಕು ತಾಸು ಒಂದೇ ಸಮ ಓಡಿಸ್ತಿರ್ಲಿಲ್ಲ. ಹತ್ತು ನಿಮಿಷ ಓಡ್ಸಿ, ಆರ್ಸಿ, ಮತ್ತ ಓಡ್ಸಿ, ಹದಿನೈದು ದಿನ ಹಿಡೀತಿತ್ತು. ಇನ್ನೂ ಐವತ್ತು ಬರ್ತಿದ್ವು."

ಸುಳ್ಳು ಲಾಗ್ ಬರೆದವನನ್ನು ನಾನೇ ಒಮ್ಮೆ ಕೆಲಸದಿಂದ ತೆಗೆಸಿದ್ದೇನೆ. ಮೈಲಾರಲಿಂಗಪ್ಪ ಅಂತ. ನೀರು ನೋಡದೆ "ಸರಿ ಇದೆ" ಎಂದು ಬರೆದಿದ್ದ. ಕಾಲು ಹಿಡಿದರೂ ಬಿಡಲಿಲ್ಲ. ಅವನ ಸುಳ್ಳಿನಿಂದ ಯಾವ ಬಾಯ್ಲರೂ ಒಡೆದಿರಲಿಲ್ಲ.

ಮನೆಗೆ ಬಂದು ಕನ್ನಡಿ ನೋಡಿ ಗಡ್ಡ ಹೆರೆಯಲೂ ಹೇಸಿಗೆಯಾಯಿತು.

೨೨ ನವೆಂಬರ್, ಶನಿವಾರ

ರಶ್ಮಿತಾ ಆರ್ಡರ್ ಬರೆದಿಡುವ ಪುಸ್ತಕ ಮಿಷನ್ ಪಕ್ಕದಲ್ಲಿಯೇ ಇರುತ್ತದೆ. ಅವಳು ತರಕಾರಿಗೆ ಹೋದಾಗ ಯಾವುವು ಹೋದವು, ಯಾರ ಮನೆಯವು ಎಂದು ಇಳಿಸಿಕೊಂಡೆ. ನೂರ ಮೂವತ್ತೊಂದು ಡಿಸೈನು, ನಲವತ್ತೊಂದು ಮನೆ. ಹೆಚ್ಚಿನವು ಹರಿಹರ ತಾಲ್ಲೂಕಿನವೇ. ಮೊದಲ ಹೆಸರು ಸಾರಥಿ ಎಂಬ ಊರಿನ ಚೌಡವ್ವ.

ಹೋದೆ. ಎಂಬತ್ತೆಂಟರ ಮುದುಕಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಂದ ಕೆಲಸ ಹೇಳಿದೆ.

"ಗಂಡ್ಸು ಕುಂಚಿಗಿ ಕೇಳಾಕ ಬಂದೀಯಲ್ಲೋ ತಮ್ಮಾ, ಹಡಿಯೋನು ನೀನೇ ಏನು?"

ಮೊಮ್ಮಗಳು ಸುಮಾ ಬಾಗಿಲಲ್ಲಿ ನಿಂತು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಕೂತೆ. "ನಮ್ಮ ಸೊಸೆ ನಿಮ್ಮ ಕುಂಚಿಗೆ ನೋಡಿ ಎಣಿಸಿಕೊಂಡಿದ್ಲಲ್ರಿ. ಅದು ಹೋಗಿದೆ. ಇನ್ನೊಂದು ಸಲ ಕೊಡ್ರಿ" ಎಂದೆ.

"ಆ ಉದ್ದ ಜಡಿ ಹುಡುಗಿ? ನೀ ಆಕಿ ಮಾವನ? ಆಕಿ ಮಾತು ಸಕ್ರಿ, ನಿಂದು ಸುಣ್ಣ. ಕುಂಚಿಗಿ ಇಲಿ ತಿಂದ್ವು ಹೋಗು. ಆರು ತಿಂಗ್ಳಾತು."

ಎದ್ದೆ. ಬಸ್ಸಿನ ಹೊತ್ತಾಗಿತ್ತು. ಮುದುಕಿ ಹಿಂದಿನಿಂದ ಕೂಗಿದಳು.

"ಅಷ್ಟ್ ಅವಸರ ಯಾಕ? ಬಟ್ಟಿ ಇಲಿ ತಿಂದಾವೆ, ನನ್ ತಲಿ ತಿಂದಿಲ್ಲ. ನಮ್ಮತ್ತಿ ನನ್ ಕೈಗೆ ಹೊಡೆದು ಹೊಡೆದು ಕಲ್ಸಿದ್ದು. ಬರ್ಕೊಂತೀಯೇನು?"

ಬರೆದುಕೊಳ್ಳಲು ಈ ಪುಸ್ತಕ ಬಿಟ್ಟು ಬೇರೆ ಇರಲಿಲ್ಲ.

ಚೇಳಿನ ಸಾಲು. ಕೆಳಗಿನಿಂದ ಹಿಡಿಯಬೇಕು.
ಒಂದು: ಕಪ್ಪು ಮೂರು, ಬಿಡು ಎರಡು, ಕಪ್ಪು ಮೂರು.
ಎರಡು: ಬಿಡು ಒಂದು, ಕೆಂಪು ಆರು, ಬಿಡು ಒಂದು.
ಮೂರು: ಕಪ್ಪು ಎರಡು, ಬಿಡು ಒಂದು, ಕೆಂಪು ಎರಡು, ಬಿಡು ಒಂದು, ಕಪ್ಪು ಎರಡು.
ಬಾಲ ಬಲಕ್ಕೆ ತಿರುಗಬೇಕು. ಎಡಕ್ಕೆ ತಿರುಗಿದರೆ ಅದು ಅವಳ ನಾದಿನಿಯ ಮನೆಯದು, ಆ ಮನೆಯವರಿಗೂ ಇವರಿಗೂ ಆಗುವುದಿಲ್ಲ.

ಚೇಳು ಯಾಕೆ, ಕೂಸಿನ ಬಟ್ಟೆಯ ಮೇಲೆ ಹೂ ಹಾಕಬಾರದೇ ಎಂದು ಕೇಳಿದೆ. "ಹೊಲದಾಗ ತೊಟ್ಲ ಕಟ್ಟಿ ಕಳೆ ತೆಗ್ಯಾಕ ಹೋಗೋರು ನಾವು. ಚೇಳು ಬಂದ್ರೆ, ಇಲ್ಲಿ ಆಗ್ಲೇ ನಮ್ಮೋನು ಕಾವ್ಲು ಕುಂತಾನಂತ ವಾಪಸ್ ಹೋಗ್ಲಿ ಅಂತ" ಎಂದಳು.

ಹನ್ನೊಂದು ಸಾಲು ಆಯಿತು. ಕೈ ಸೋತಿತು, ಅವಳ ಬಾಯಿ ಸೋಲಲಿಲ್ಲ. ಮಂಗಳವಾರ ಬಾ ಎಂದಿದ್ದಾಳೆ.

೨೫ ನವೆಂಬರ್, ಮಂಗಳವಾರ

ಸಾರಥಿ. ಹನ್ನೆರಡರಿಂದ ಮೂವತ್ತನೇ ಸಾಲು. ಹದಿನಾರನೇ ಸಾಲಿನಲ್ಲಿ ನಾನು ಒಂದು ದಾರ ತಪ್ಪು ಬರೆದಿದ್ದೆ. ಓದಿ ಹೇಳುವಾಗ ಮುದುಕಿ ಹಿಡಿದಳು. ಅಕ್ಷರ ಬಾರದವಳು, ಕಣ್ಣು ಮುಚ್ಚಿಕೊಂಡು ಬೆರಳು ಆಡಿಸಿಯೇ ಹಿಡಿದಳು. "ತಪ್ಪಾತು" ಎಂದೆ. "ಹಾಂ, ತಿದ್ದು" ಎಂದಳು. ಅಷ್ಟೇ, ಮುಂದಿನ ಸಾಲಿಗೆ ಹೋದಳು.

೨೮ ನವೆಂಬರ್, ಶುಕ್ರವಾರ

ಉಕ್ಕಡಗಾತ್ರಿಯಲ್ಲಿ ಎರಡು ಮನೆ. ಒಂದರಲ್ಲಿ ಕುಂಚಿಗೆ ಇತ್ತು, ನಂಬಿ ಕೈಗೆ ಕೊಟ್ಟರು. ಇನ್ನೊಂದು ಮನೆಯವನು ಬಾಗಿಲಲ್ಲೇ ನಿಲ್ಲಿಸಿ, "ಒಂದ್ಸಲ ಕಳಕೊಂಡೋರಿಗೆ ಮತ್ತ ಕೊಡ್ಬೇಕೇನು?" ಎಂದ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. "ಕಳೆದದ್ದು ಅವಳಲ್ಲ, ನಾನು" ಎಂದೆ. ಅವನು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಕುಂಚಿಗೆ ಕೊಡಲಿಲ್ಲ.

ಅನ್ನಪೂರ್ಣಮ್ಮನ ವಿಚಾರಣೆ:

"ದಿನಾ ಎಲ್ಲಿಗೆ ಹೊಂಟೀರಿ?"

"ಕುಸ್ತಿಗೆ."

"ಹರಿಹರದಾಗ ಈಗ ಯಾರ್ರೀ ಕುಸ್ತಿ ಆಡೋರು?"

"ನಾನು, ಒಬ್ಬ ಮುದುಕಿ."

"ಗೆದ್ದೋರ್ಯಾರು?"

"ಅವಳೇ."

ಮುಂದಿನ ಕೋಣೆಯಲ್ಲಿ ರಶ್ಮಿತಾ ಮಿಷನ್ನಿನ ದಾರದ ಉಂಡೆಗಳನ್ನು ಒಂದೊಂದೇ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಬಣ್ಣಬಣ್ಣಕ್ಕೆ ಬೇರೆ ಬೇರೆ ಕಾಗದ ಸುತ್ತಿ. ಮಾರುವ ಮಾಲಿಗೆ ಇಷ್ಟು ಜೋಪಾನ ಯಾರು ಮಾಡುತ್ತಾರೆ? ನೋಡಲಾಗದೆ ಹಿತ್ತಿಲಿಗೆ ಹೋದೆ.

೨ ಡಿಸೆಂಬರ್, ಮಂಗಳವಾರ

ಸಾರಥಿಯದು ಮುಗಿಯಿತು. ನಲವತ್ತನಾಲ್ಕು ಸಾಲು. ಚೌಡವ್ವನಿಗೆ ಪೂರ್ತಿ ಓದಿ ಹೇಳಿದೆ. ಒಂದು ಕಡೆಯೂ ತಡೆಯಲಿಲ್ಲ. ಸುಮಾಗೆ ಮಾಘದಲ್ಲಿ ದಿನ ತುಂಬುತ್ತದೆಯಂತೆ.

ನಿನ್ನೆಯಿಂದ ರಶ್ಮಿತಾಗೆ ಎದುರು ಕೂತು ಹೇಳಬೇಕು ಎಂದು ನಾಲ್ಕು ಸಲ ಕರೆದೆ. ಒಂದು ಸಲ ನೀರು ಕೇಳಿದೆ, ಒಂದು ಸಲ ಪೇಪರ್ ಕೇಳಿದೆ, ಇನ್ನೊಂದು ಸಲ ಚಹಾದಲ್ಲಿ ಸಕ್ಕರೆ ಹೆಚ್ಚು ಎಂದು ಬೈದೆ. ನಾಲ್ಕನೇ ಸಲ ಏನೂ ಇಲ್ಲ ಹೋಗು ಎಂದೆ. ಈ ಬಾಯಿ ಬೈಯುವುದಕ್ಕೆ ಮಾತ್ರ ತೆರೆಯುತ್ತದೆ. ಥೂ ಇದರ. ಆದ್ದರಿಂದ ಈ ಪುಸ್ತಕವನ್ನೇ ಅವಳ ಮಿಷನ್ ಮೇಲೆ ಇಡುತ್ತೇನೆ. ಇಲ್ಲಿಂದ ಮುಂದಿನದು ನಿನಗೆ.

ರಶ್ಮಿತಾ,

ಅಕ್ಟೋಬರ್ ಹತ್ತೊಂಬತ್ತು, ಮಧ್ಯಾಹ್ನ ಮೂರೂ ಹನ್ನೆರಡಕ್ಕೆ 'ಡಿ' ಖಾಲಿ ಮಾಡಿದ್ದು ನಾನು. ನೀನು ಏನೂ ಒತ್ತಿರಲಿಲ್ಲ. ಆಮೇಲೆ ನೀನು ಸಾಕು ಎಂದರೂ ಇಪ್ಪತ್ತೇಳು ಸಲ ಓಡಿಸಿ ಡಿಸ್ಕು ಕೊಂದವನೂ ನಾನೇ. ಕರಿಬಸವರಾಜನಿಗೆ ಎರಡೋ ಮೂರೋ ಸಲ ಎಂದು ಸುಳ್ಳು ಹೇಳಿದ್ದಕ್ಕೆ ಇನ್ನೂ ಐವತ್ತು ಹೋದವು. ತಸ್ಲೀಮಳ ಅಂಗಡಿಯಲ್ಲಿ ನೀನು ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡಾಗ ಜೇಬಿನಲ್ಲಿ ಹಾಳೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಎಲ್ಲ ತಾರೀಖು ಸಮೇತ ಹಿಂದಿನ ಪುಟಗಳಲ್ಲಿದೆ. ಓದು. ನಿನ್ನನ್ನು ಎಲ್ಲೆಲ್ಲಿ ಏನೇನು ಅಂದಿದ್ದೇನೋ ಅದನ್ನೂ ಓದು, ಹರಿದುಹಾಕಿಲ್ಲ.

ವೀರೇಶನಿಗೆ, ನಿನ್ನ ಅತ್ತೆಗೆ ಊಟದ ಹೊತ್ತಿನಲ್ಲಿ ನಾನೇ ಹೇಳುತ್ತೇನೆ. ಶಾಮನೂರಿನಾಕೆಗೂ ಹೇಳಿ ಬರುತ್ತೇನೆ.

ಚೌಡವ್ವನ ಚೇಳು ಈ ಪುಸ್ತಕದಲ್ಲಿದೆ, ಅವಳೇ ಒಪ್ಪಿದ ಲೆಕ್ಕ. ಉಕ್ಕಡಗಾತ್ರಿಯ ಕುಂಚಿಗೆ ನನ್ನ ಪೆಟ್ಟಿಗೆಯಲ್ಲಿ ಬಿಳಿ ಪಂಚೆಯೊಳಗಿದೆ, ಎಂಟು ದಿನಕ್ಕೆ ವಾಪಸು ಕೊಡಬೇಕು. ಉಳಿದದ್ದು ಮೂವತ್ತೆಂಟು ಮನೆ. ಬಟ್ಟೆ ಇದ್ದರೆ ತರುತ್ತೇನೆ, ಇಲ್ಲದಿದ್ದರೆ ಹೇಳುವ ಮುದುಕಿಯರನ್ನು ಹುಡುಕಿ ಬರೆಯುತ್ತೇನೆ. ಕೆಲವು ಸಿಗುವುದಿಲ್ಲ. ಎಲ್ಲ ಬರುತ್ತವೆ ಎಂದು ಇನ್ನೊಂದು ಸುಳ್ಳು ಹೇಳುವುದಿಲ್ಲ.

ಮಿಷನ್ ನಿನ್ನದು. ಮಾರಬೇಡ ಎನ್ನುವ ಬಾಯಿ ನನಗಿಲ್ಲ. ಗಾರ್ಮೆಂಟ್ಸಿಗೆ ಹೋಗಬೇಕೆಂದು ನಿನಗೇ ಅನ್ನಿಸಿದ್ದರೆ ಹೋಗು, ನಾನೇ ಬಿಟ್ಟು ಬರುತ್ತೇನೆ. ಮಂದಿಯ ನೆನಪು ಕಳೆದೆ ಎಂದು ಹೋಗುವುದಾದರೆ ಬೇಡ, ಕಳೆದವಳು ನೀನಲ್ಲ.

ರಾಣೆಬೆನ್ನೂರಿನವನು ಐದಕ್ಕೆ ಗಾಡಿ ತರುತ್ತಾನೆ. ಅವನಿಗೆ ಬಾ ಎನ್ನಲೋ ಬೇಡ ಎನ್ನಲೋ, ಒಂದೇ ಮಾತು ಹೇಳು. ಗಂಡನ ಹತ್ತಿರ, ಅತ್ತೆಯ ಹತ್ತಿರ ಹೇಳಿ ಕಳಿಸಬೇಡ. ನಾಲ್ಕನೇ ತಾರೀಖು, ಗುರುವಾರ, ಸಂಜೆ ಆರರೊಳಗೆ ನನಗೆ ಉತ್ತರ ಬೇಕು.

ವಾಮದೇವಪ್ಪ